ಅಜ್ಜನ ರೂಟಿನಲ್ಲಿ ಮೂರು ದಿನ

ಮೊದಲ ದಿನ, ಶನಿವಾರ: ಹಾವೇರಿಯಿಂದ ಶಿರಸಿಗೆ

ನವೆಂಬರ್ 1 ನಮ್ಮ ಮನೆಯಲ್ಲಿ ಯಾವಾಗಲೂ ಎರಡು ಹಬ್ಬದ ದಿನ. ಒಂದು ಕನ್ನಡ ರಾಜ್ಯೋತ್ಸವ, ಇನ್ನೊಂದು ನಮ್ಮ ಕ್ರೈಸ್ತರ ಸಕಲ ಸಂತರ ಹಬ್ಬ. ಮರುದಿನ, ಅಂದರೆ 2ನೇ ತಾರೀಕು, ತೀರಿಹೋದವರನ್ನು ನೆನೆಯುವ ದಿನ. ಊರಲ್ಲಿದ್ದವರು ಸಮಾಧಿ ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. 2025ರಲ್ಲಿ ಎರಡೂ ಶನಿವಾರ, ಭಾನುವಾರಕ್ಕೆ ಬಂದವು. ಸೋಮವಾರಕ್ಕೆ ಒಂದು ಸಿ.ಎಲ್. ಬರೆದುಕೊಟ್ಟೆ. ಅಜ್ಜನ ಸಮಾಧಿಗೆ ಹೋಗಬೇಕು, ಆದರೆ ಈ ಸಲ ಅಜ್ಜ ಓಡಿಸುತ್ತಿದ್ದ ದಾರಿಯಲ್ಲೇ, ಬಸ್ಸಿನಲ್ಲೇ ಹೋಗಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಅಜ್ಜ ಸರ್ಕಾರಿ ಬಸ್ಸಿನ ಡ್ರೈವರ್. 1960ರ ದಶಕದ ಶುರುವಿನಲ್ಲಿ ಸೇರಿ 1992ರಲ್ಲಿ ನಿವೃತ್ತರಾದರು. ಜಾಸ್ತಿ ವರ್ಷ ಓಡಿಸಿದ್ದು ಶಿರಸಿ, ಕುಮಟಾ, ಕಾರವಾರದ ದಾರಿ. ತೀರಿಕೊಂಡು 16 ವರ್ಷವಾಯಿತು.

ಬೆಳಿಗ್ಗೆ ನಾನು ಕಲಿಸುವ ಶಾಲೆಯಲ್ಲಿ ಭುವನೇಶ್ವರಿ ಫೋಟೋಗೆ ಹೂ ಹಾಕಿ, ಬಾವುಟ ಏರಿಸಿ, ಮಕ್ಕಳಿಗೆ ಲಾಡು ಹಂಚಿ ಹೊರಟೆ. 1956ರ ಇದೇ ದಿನ ಅಜ್ಜನಿಗೆ 22 ವರ್ಷ. ಅಲ್ಲಿವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಅವತ್ತು ಬೆಳಿಗ್ಗೆ ಪೂಜೆಗೆ ಹೋಗಿ, ಬರುವಾಗ ಪೇಟೆಯಲ್ಲಿ ಯಾರೋ ಹಂಚಿದ ಸಕ್ಕರೆ ತಿಂದೆ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಲೆಕ್ಕ, ಪತ್ರ, ಜಗಳ ಎಲ್ಲ ಕನ್ನಡದಲ್ಲಿ. ಅಜ್ಜ ಎರಡನ್ನೂ ಒಂದೇ ಪ್ರೀತಿಯಿಂದ ಆಡುತ್ತಿದ್ದರು.

ಹೊರಡುವ ಮುಂಚೆ ಹಾಜರಿ ಪುಸ್ತಕ ಮುಚ್ಚಿಟ್ಟು ಬಂದೆ. ಅದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಹಾಜರಿಯನ್ನು ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಹತ್ತು ಹದಿನೈದು ನಿಮಿಷ ಬಿಟ್ಟು ಅದರ ಮೇಲೆ ಪೆನ್ನಿನಲ್ಲಿ ಬರೆಯುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೀಗೆ ಮಾಡುತ್ತಿರಲಿಲ್ಲ. ಗಂಟೆ ಹೊಡೆದ ಕೂಡಲೇ ಪೆನ್ನು, ಬಾಗಿಲು ಮುಚ್ಚಿದರೆ ಮುಚ್ಚಿತು. ಒಂದು ದಿನ ಐದನೇ ಇಯತ್ತೆಯ ಹುಡುಗಿಯೊಬ್ಬಳು ತಡವಾಗಿ ಬಂದಳು. ವಾಪಸ್ ಕಳಿಸಿದೆ. ನಾಲ್ಕು ದಿನ ಅವಳು ಶಾಲೆಗೇ ಬರಲಿಲ್ಲ. ಐದನೇ ದಿನ ಮನೆ ಹುಡುಕಿಕೊಂಡು ಹೋದೆ. ಅವಳ ಅಮ್ಮ ಹಾಸಿಗೆ ಹಿಡಿದಿದ್ದರು. ಹುಡುಗಿ ಬೆಳಿಗ್ಗೆ ಎದ್ದು ನೀರು ತಂದು, ಗಂಜಿ ಮಾಡಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಶಾಲೆಗೆ ಓಡಿ ಬಂದಿದ್ದಳು. ಓಡಿ ಬಂದವಳನ್ನು ನಾನು ವಾಪಸ್ ಕಳಿಸಿದ್ದೆ. ಆ ಸಂಜೆ ರೂಮಿಗೆ ಬಂದು ಕೂತಾಗ ಅಜ್ಜನ ನೆನಪಾಗಿ ತುಂಬಾ ನಾಚಿಕೆಯಾಯಿತು. ಅಜ್ಜ ಓಡಿ ಬರುವವರನ್ನು ಬಿಟ್ಟು ಬಸ್ ಎತ್ತಿದವರಲ್ಲ.

ಶಿರಸಿ ಮುಟ್ಟಿದಾಗ ಮೂರೂವರೆ. ಚಿಕ್ಕಮ್ಮನ ಮನೆಯಲ್ಲಿ ಚೀಲ ಇಟ್ಟು, ಚಹಾ ಕುಡಿದು, ಮಾರಿಗುಡಿ ಕಡೆ ನಡೆದೆ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಮಾರ್ಚ್ ಹೊತ್ತಿಗೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ನಮ್ಮ ತಪಸ್ಸುಕಾಲವೂ ಹೆಚ್ಚುಕಡಿಮೆ ಅದೇ ಸಮಯಕ್ಕೆ ಬರುತ್ತದೆ. ಜಾತ್ರೆ ಸ್ಪೆಷಲ್ ಬಸ್ಸುಗಳಿಗೆ ಹಗಲು ರಾತ್ರಿ ಡ್ಯೂಟಿ. ಶುಕ್ರವಾರ ಅಜ್ಜನಿಗೆ ಉಪವಾಸ. ಬುಟ್ಟಿ, ಮಕ್ಕಳು, ಹಣ್ಣುಕಾಯಿ ಹಿಡಿದು ಹತ್ತಿದ ಜನರನ್ನು ತುಂಬಿಕೊಂಡು, ಬರೀ ನೀರು ಮತ್ತು ಚಹಾದಲ್ಲಿ ಘಟ್ಟ ಹತ್ತಿ ಇಳಿಯುತ್ತಿದ್ದರು. ಗುಡಿಯ ಮುಂದೆ ಬಳೆ ಅಂಗಡಿಯಲ್ಲಿ ಚಿಕ್ಕಮ್ಮನ ಮಗಳಿಗೆ ಬಳೆ ತೆಗೆದುಕೊಂಡೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ನೆ ಒಂದು ತಾಸು ಕೂತೆ. ಬಸ್ಸುಗಳ ಮುಂದೆ ಹಳದಿ ಕೆಂಪು ಬಾವುಟ ಕಟ್ಟಿದ್ದರು. ಡೀಸೆಲ್, ಒದ್ದೆ ಮಣ್ಣು, ಅಡಿಕೆ ಚೀಲದ ವಾಸನೆ. ಅಜ್ಜ ಡ್ಯೂಟಿ ಮುಗಿಸಿ ಬಂದಾಗ ಅವರ ಖಾಕಿ ಶರಟಿನಲ್ಲೂ ಇದೇ ವಾಸನೆ ಇರುತ್ತಿತ್ತು.

ಎರಡನೇ ದಿನ, ಭಾನುವಾರ: ದೇವಿಮನೆ ಘಟ್ಟ, ಕುಮಟಾ, ಊರು

ಬೆಳಿಗ್ಗೆ ಬೇಗ ಎದ್ದು ಕುಮಟಾ ಬಸ್ ಹಿಡಿದೆ. ಡ್ರೈವರ್ ಕಾಣುವ ಹಾಗೆ ಮುಂದಿನ ಸೀಟು ಸಿಕ್ಕಿತು. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಈಗ ರಸ್ತೆ ಅಗಲ ಮಾಡುವ ಕೆಲಸ ಕೆಲವು ವರ್ಷದಿಂದ ನಡೆದಿದೆ. ಒಂದು ಕಡೆ ಹೊಸ ಕಾಂಕ್ರೀಟು, ಇನ್ನೊಂದು ಕಡೆ ಕಡಿದ ಗುಡ್ಡದ ಕೆಂಪು ಮಣ್ಣು. ಅಜ್ಜನ ಕಾಲದಲ್ಲಿ ಎದುರಿಗೆ ಲಾರಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕಿತ್ತಂತೆ.

ದೇವಿಮನೆಯಲ್ಲಿ ಬಸ್ ನಿಧಾನ ಮಾಡಿತು. ಘಟ್ಟ ಇಳಿಯುವ ಮುಂಚೆ ಇಲ್ಲಿ ದೇವಿಗೆ ಕೈಮುಗಿದು ಹೋಗುವುದು ಈ ದಾರಿಯ ಡ್ರೈವರುಗಳ ಪದ್ಧತಿ. ಕಾಣಿಕೆ ಹಾಕುವವರು ಹಾಕುತ್ತಾರೆ. ನಮ್ಮ ಬಸ್ಸಿನ ಡ್ರೈವರ್ ಹುಡುಗ, ಮೂವತ್ತು ವಯಸ್ಸಿರಬಹುದು, ಸ್ಟೇರಿಂಗಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ನಾನು ಶಿಲುಬೆ ಗುರುತು ಹಾಕಿಕೊಂಡೆ. ಅಜ್ಜನೂ ಇಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಕಂಡಕ್ಟರ್ ಇಳಿದು ಕಾಣಿಕೆ ಹಾಕಿ ಕುಂಕುಮ ತರುವವರೆಗೆ ಕಾಯುತ್ತಿದ್ದರು. ತಾವು ಕೂತಲ್ಲೇ ಒಂದು 'ನಮೋ ಮರಿಯಾ' ಹೇಳಿಕೊಳ್ಳುತ್ತಿದ್ದರು. ಒಮ್ಮೆ ಯಾರೋ ಕೇಳಿದರಂತೆ, ನಿಮಗೆ ಇದೆಲ್ಲ ನಡೆಯುತ್ತದಾ ಅಂತ. ಅಜ್ಜ ಹೇಳಿದ್ದು ಇಷ್ಟು: "ಅವರು ಅವರ ದೇವರಿಗೆ ಹೇಳಲಿ, ನಾನು ನನ್ನ ದೇವರಿಗೆ ಹೇಳ್ತೇನೆ. ಗಾಡಿಯಲ್ಲಿ ಕೂತವರು ಎಲ್ಲರೂ ಮನೆ ಮುಟ್ಟಬೇಕಲ್ಲ."

ಇಳಿಜಾರು ಶುರುವಾಯಿತು. ಹುಡುಗ ಗೇರ್ ಇಳಿಸಿದ. ಇಂಜಿನ್ ಸದ್ದು ಬದಲಾಯಿತು, ಬಸ್ ತನ್ನಷ್ಟಕ್ಕೆ ಹಿಡಿದುಕೊಂಡು ಇಳಿಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಅಜ್ಜನ ಮಾತು. ಬರೀ ಬ್ರೇಕಿನ ಮೇಲೆ ಕಾಲಿಟ್ಟು ಇಳಿದರೆ ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಬೇಕಾದಾಗ ಹಿಡಿಯುವುದಿಲ್ಲ. ಅಪ್ಪ ಸ್ಕೂಟರ್ ತಗೊಂಡಾಗ ಅಜ್ಜ ಅವರಿಗೂ ಇದನ್ನೇ ಹೇಳಿದ್ದರು. ನಾನು ಧಾರವಾಡಕ್ಕೆ ಓದಲು ಹೊರಟಾಗ ನನಗೂ ಇದನ್ನೇ ಹೇಳಿದರು. ನನ್ನ ಹತ್ತಿರ ಯಾವ ಗಾಡಿಯೂ ಇರಲಿಲ್ಲ.

ಕುಮಟಾದಲ್ಲಿ ಬನ್ಸ್, ಮಿಸಳ್ ಭಾಜಿ ತಿಂದು ಇನ್ನೊಂದು ಬಸ್ ಹತ್ತಿದೆ. ನಮ್ಮ ಊರು ಚಂದಾವರದ ಕಡೆ. ಈಗ ಮನೆಯಲ್ಲಿ ಚಿಕ್ಕಪ್ಪ ಇದ್ದಾರೆ. ಚಂದಾವರದ ಇಗರ್ಜಿ, ಅಂದರೆ ಚರ್ಚು, ಸಂತ ಫ್ರಾನ್ಸಿಸ್ ಝೇವಿಯರರ ಹೆಸರಿನದು. ಡಿಸೆಂಬರ್ 3ರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಬರುತ್ತಾರೆ. ಆದರೆ ಅಜ್ಜನಿಗೆ ಹತ್ತಿರದವರು ಇನ್ನೊಬ್ಬರು, ಜೋಸೆಫ್ ವಾಜ್. ಗೋವಾದ ಬೆಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ. 1681ರಲ್ಲಿ ಕನ್ನಡ ಕರಾವಳಿಗೆ ಬಂದು ಮೂರು ವರ್ಷ ಇಲ್ಲೇ ಸೇವೆ ಮಾಡಿದರು. ಆಗ ಇಲ್ಲಿಯ ಕ್ರೈಸ್ತರಿಗೆ ಗುರುಗಳು ಸಿಗುವುದೇ ಕಷ್ಟವಾಗಿತ್ತು. ಆಮೇಲೆ ಶ್ರೀಲಂಕಾಕ್ಕೆ ಹೋಗಿ, ಅಲ್ಲಿ ಡಚ್ಚರ ಕಣ್ಣು ತಪ್ಪಿಸಿ ಕದ್ದುಮುಚ್ಚಿ ಜನರನ್ನು ಸೇರಿಸಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು.

"ಅವರು ನಡೆದ ದಾರಿಯಲ್ಲೇ ನಾನು ಕೂತು ಗಾಡಿ ಓಡಿಸ್ತೇನೆ" ಎನ್ನುತ್ತಿದ್ದರು ಅಜ್ಜ. ಅದನ್ನು ಹೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು. ಅಜ್ಜ ಇರುವಾಗ ವಾಜ್ ಅವರು ಇನ್ನೂ ಸಂತರಾಗಿರಲಿಲ್ಲ. 1995ರಲ್ಲಿ 'ಭಾಗ್ಯವಂತ' ಎಂದು ಘೋಷಣೆಯಾಗಿತ್ತು, ಅಷ್ಟೇ. ಸಂತ ಪದವಿ ಸಿಕ್ಕಿದ್ದು 2015ರ ಜನವರಿ 14ರಂದು, ಕೊಲಂಬೋದಲ್ಲಿ, ಪೋಪ್ ಫ್ರಾನ್ಸಿಸ್ ಅವರಿಂದ. ಟಿವಿಯಲ್ಲಿ ನೋಡಿದ ಮುಂದಿನ ವಾರವೇ ನಾನು ಊರಿಗೆ ಬಂದು, ಸಮಾಧಿಯ ಹತ್ತಿರ ಕೂತು, "ಅಜ್ಜ, ಆಯಿತು" ಎಂದು ಹೇಳಿ ಹೋಗಿದ್ದೆ.

ಮಧ್ಯಾಹ್ನ ಚಿಕ್ಕಪ್ಪನ ಹೆಂಡತಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಬಡಿಸಿದರು. ಊಟವಾದ ಮೇಲೆ ಅಜ್ಜನ ಪೆಟ್ಟಿಗೆ ತೆಗೆಸಿದೆ. ಖಾಕಿ ಬಟ್ಟೆ ಇಲ್ಲ, ಯಾರಿಗೋ ಕೊಟ್ಟಾಗಿದೆ. ಉಳಿದಿದ್ದು ಪ್ರಾರ್ಥನೆ ಪುಸ್ತಕ, ಹೊಲಿಗೆ ಬಿಟ್ಟ ಕನ್ನಡ ಬೈಬಲ್, ಅದರೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಒಂದು ಮೆಮೋ. ಕಾಗದ ಹಳದಿಯಾಗಿ ಮಡಿಕೆಯಲ್ಲಿ ಹರಿದಿದೆ. ಇಸವಿ 1978. ಘಟ್ಟದಲ್ಲಿ ಕಾರಣವಿಲ್ಲದೆ 25 ನಿಮಿಷ ಗಾಡಿ ನಿಲ್ಲಿಸಿ ಪ್ರಯಾಣಿಕರಿಗೆ ತೊಂದರೆ ಕೊಟ್ಟಿದ್ದಕ್ಕೆ ವಿವರಣೆ ಕೊಡಬೇಕು ಎಂದು ಅದರಲ್ಲಿದೆ. ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಅಜ್ಜಿ ಸಾಯುವವರೆಗೂ ಈ ಮಾತು ಎತ್ತುತ್ತಿದ್ದರು. ಯಾರಿಗೋ ಕಾದು ಸಂಬಳ ಕಳಕೊಂಡರು ಅಂತ. ಅಜ್ಜ ಉತ್ತರ ಕೊಡುತ್ತಿರಲಿಲ್ಲ. ನಾವು ಮಕ್ಕಳು ಕೇಳಿದರೆ, "ಒಬ್ಬರು ಬರುವುದಿತ್ತು" ಎನ್ನುತ್ತಿದ್ದರು.

ಮೆಮೋ ಇದ್ದದ್ದು ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ. ತೊಂಬತ್ತೊಂಬತ್ತು ಕುರಿ ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದವನ ಕಥೆ. ಅಜ್ಜ ನಮಗೆ ಅದನ್ನು ಬಸ್ಸಿನ ಕಥೆ ಮಾಡಿ ಹೇಳುತ್ತಿದ್ದರು. ಕುರಿಗಳ ಬದಲು ಪ್ಯಾಸೆಂಜರು, ಕುರುಬನ ಬದಲು ಡ್ರೈವರು. ತೊಂಬತ್ತೊಂಬತ್ತು ಜನ ಒಳಗೆ ಕೂತು ಬೈಯುತ್ತಾರೆ, ಡ್ರೈವರು ಇಳಿದು ನಿಂತು ತಿರುವಿನ ಕಡೆ ನೋಡುತ್ತಾನೆ. "ಒಳಗಿದ್ದವರು ಬೈದರೆ ಬೈಯಲಿ ಮಗಾ. ಅವರು ಒಳಗಿದ್ದಾರಲ್ಲ." ನಾನು ಚರ್ಚಿನಲ್ಲಿ ಎಷ್ಟೋ ಒಳ್ಳೆ ಪ್ರವಚನ ಕೇಳಿದ್ದೇನೆ. ಈ ಅಧ್ಯಾಯ ಓದಿದಾಗ ಮಾತ್ರ ನನಗೆ ಈಗಲೂ ಕಾಣುವುದು ಆ ಬಸ್ಸೇ.

ಸಂಜೆ ನಾಲ್ಕೂವರೆಗೆ ಇಗರ್ಜಿಯ ಸ್ಮಶಾನದಲ್ಲಿ ಪೂಜೆ. ಬೆಳಿಗ್ಗೆಯೇ ಚಿಕ್ಕಪ್ಪನ ಮಕ್ಕಳು ಹುಲ್ಲು ಕಿತ್ತಿದ್ದರು. ನಾನು ಒಂದು ಬಕೆಟ್ ನೀರು, ತೆಂಗಿನ ನಾರು ತೆಗೆದುಕೊಂಡು ಹೋಗಿ ಅಜ್ಜ ಅಜ್ಜಿಯ ಕಲ್ಲು ತಿಕ್ಕಿದೆ. ಮಳೆಗಾಲದ ಪಾಚಿ ಅಕ್ಷರದೊಳಗೆ ಕೂತುಬಿಟ್ಟಿತ್ತು. ಬೆರಳಿಗೆ ಬಟ್ಟೆ ಸುತ್ತಿ ಒಂದೊಂದೇ ಅಕ್ಷರ ಬಿಡಿಸಿದೆ. ಗೊಂಡೆ ಹೂವು, ನಾಲ್ಕು ಮೇಣದ ಬತ್ತಿ. ಫಾದರ್ ಒಂದೊಂದು ಸಮಾಧಿಗೂ ತೀರ್ಥ ಚಿಮುಕಿಸುತ್ತಾ ಬಂದರು. ಗಾಳಿಗೆ ಬತ್ತಿ ಆರಿದರೆ ಪಕ್ಕದ ಸಮಾಧಿಯವರ ಬತ್ತಿಯಿಂದ ಹಚ್ಚಿಕೊಳ್ಳುತ್ತಿದ್ದೆವು.

ವಾಪಸ್ ಬರುವಾಗ ಕತ್ತಲಾಗಿತ್ತು. ಅವತ್ತೇ ತುಳಸಿ ಲಗ್ನ. ದಾರಿಯ ಎರಡೂ ಬದಿ ಮನೆಗಳ ಅಂಗಳದಲ್ಲಿ ಕಬ್ಬು, ನೆಲ್ಲಿಕಾಯಿ ಟೊಂಗೆ ಕಟ್ಟಿದ ತುಳಸಿಕಟ್ಟೆ, ಸುತ್ತಲೂ ಹಣತೆ. ಹಿಂದೆ ತಿರುಗಿ ನೋಡಿದರೆ ಸ್ಮಶಾನದಲ್ಲಿ ನಮ್ಮ ಮೇಣದ ಬತ್ತಿಗಳು. ಪಕ್ಕದ ಮನೆಯ ಅಕ್ಕ ಕರೆದು ಅವಲಕ್ಕಿ, ಕಬ್ಬಿನ ತುಂಡು ಕೈಗೆ ಹಾಕಿದರು. "ಅಜ್ಜನ ಹತ್ರ ಹೋಗಿ ಬಂದ್ಯಾ?" ಅಂದರು.

ರಾತ್ರಿ ತೇರ್ಸ್ ಹೇಳಿದೆವು. ತೇರ್ಸ್ ಅಂದರೆ ಜಪಸರದ ಪ್ರಾರ್ಥನೆ. ಅಜ್ಜನ ಜಪಸರ ಈಗ ನನ್ನ ಹತ್ತಿರ ಇದೆ. ಅದರಲ್ಲಿ 59 ಮಣಿ. 58 ಕಪ್ಪು, ಒಂದು ಮಾತ್ರ ತುಳಸಿಯದು, ನಾಲ್ಕನೇ ಹತ್ತು ಮಣಿಗಳ ಗುಂಪಿನಲ್ಲಿ ಮೂರನೆಯದು. ಉಳಿದವು ನುಣುಪು, ಇದು ಸ್ವಲ್ಪ ಒರಟು, ಗಾತ್ರವೂ ಸಣ್ಣದು. "ಕಂಡಕ್ಟರ್ ಕೊಟ್ಟಿದ್ದು" ಎಂದಷ್ಟೇ ಅಜ್ಜ ಹೇಳುತ್ತಿದ್ದರು. ಆ ಮಣಿ ಬಂದಾಗ ಅಜ್ಜನ ದನಿ ಒಂದು ಗಳಿಗೆ ನಿಲ್ಲುತ್ತಿತ್ತು. ಮಕ್ಕಳಿಗೆ ಹಸಿವು, ನಮಗೆ ಆ ನಿಲುಗಡೆ ಬೇಡ. ಯಾಕೆ ನಿಲ್ಲಿಸ್ತೀರಿ ಎಂದು ಒಮ್ಮೆ ಕೇಳಿದ್ದೆ. ಇನ್ನೂ ಮನೆ ಮುಟ್ಟದವರಿಗೆ ಒಂದು ಹೆಚ್ಚಿಗೆ ಹೇಳುತ್ತೇನೆ ಅಂದರು. ತೇರ್ಸ್ ಮುಗಿದ ಮೇಲೆ ನಾವು ಸಾಲಾಗಿ ಹೋಗಿ ಕೈಮುಗಿದು 'ಬೆಸಾಂವ್' ಕೇಳಬೇಕು, ಅಂದರೆ ಆಶೀರ್ವಾದ. ಅಜ್ಜ ತಲೆಯ ಮೇಲೆ ಕೈಯಿಟ್ಟು 'ದೇವ್ ಬರೆಂ ಕರುಂ' ಎನ್ನುತ್ತಿದ್ದರು. ದೇವರು ಒಳ್ಳೆಯದು ಮಾಡಲಿ.

ಅಜ್ಜ ತೀರಿಕೊಂಡ 2009ರಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಆಮೇಲೆ ಮೂರು ವರ್ಷ ನಾನು ಚರ್ಚಿಗೆ ಹೋಗಲಿಲ್ಲ. ಯಾರ ಮೇಲೂ ಸಿಟ್ಟಿರಲಿಲ್ಲ. ಒಂದು ಭಾನುವಾರ ತಪ್ಪಿತು, ಇನ್ನೊಂದು ತಪ್ಪಿತು, ಆಮೇಲೆ ರೂಢಿಯೇ ಬಿಟ್ಟುಹೋಯಿತು. ಅಜ್ಜಿ ಕಳಿಸಿದ ಜಪಸರ ಟ್ರಂಕಿನ ತಳದಲ್ಲಿತ್ತು. 2012ರಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಹುಬ್ಬಳ್ಳಿಯಲ್ಲಿ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಹೊರಗಿನ ಬೆಂಚಿನಲ್ಲಿ ಕೂತವಳು ಜಪಸರ ಕೈಗೆ ತೆಗೆದುಕೊಂಡೆ. ಜಪದಲ್ಲಿ ಧ್ಯಾನಿಸುವ ರಹಸ್ಯಗಳಲ್ಲಿ ಯಾವುದಾದ ಮೇಲೆ ಯಾವುದು ಎಂದೇ ಮರೆತಿತ್ತು. ಸುಮ್ನೆ ಮಣಿ ಸರಿಸುತ್ತಾ ಹೋದೆ. ಬೆರಳಿಗೆ ಒರಟು ಮಣಿ ಸಿಕ್ಕಿತು. ನಿಂತೆ. ಇನ್ನೂ ಮನೆ ಮುಟ್ಟದವರಿಗೆ ಅಂತ ಅಜ್ಜ ಹೇಳುತ್ತಿದ್ದ ಆ ಒಂದು ಪ್ರಾರ್ಥನೆ ಇತ್ತಲ್ಲ, ಅದು ಆ ಮೂರು ವರ್ಷ ನನಗೂ ಸೇರಿತ್ತು ಎಂದು ಆಗ ಅನ್ನಿಸಿತು. ತುಂಬಾ ಹೊತ್ತು ಅತ್ತೆ. ಅಪ್ಪ ಹನ್ನೊಂದು ದಿನಕ್ಕೆ ಮನೆಗೆ ಬಂದರು. ಅವರು ಗುಣವಾದರು ಅಂತ ನಾನು ಚರ್ಚಿಗೆ ಮರಳಿದ್ದಲ್ಲ. ಮರಳಿದ್ದು ಆ ರಾತ್ರಿಯೇ, ಬೆಂಚಿನ ಮೇಲೆ, ಇನ್ನೂ ಏನೂ ಗೊತ್ತಿಲ್ಲದಾಗ.

ಮೂರನೇ ದಿನ, ಸೋಮವಾರ: ಕಾರವಾರಕ್ಕೆ

ಹೊರಡುವಾಗ ಚಿಕ್ಕಪ್ಪ ಹೇಳಿದರು, "ಕಾರವಾರಕ್ಕೆ ಹೋದರೆ ಕಂಡಕ್ಟರ್ ಮಾಮನ್ನ ನೋಡಿ ಬಾ. ಕೋಡಿಬಾಗದಲ್ಲಿದ್ದಾರೆ. ವಯಸ್ಸಾಯಿತು." ನಾವು ಚಿಕ್ಕವರಿದ್ದಾಗ ಪ್ರತಿ ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬರುತ್ತಿದ್ದವರು. ಕೊರಳಲ್ಲಿ ತುಳಸಿ ಮಾಲೆ, ಪಂಢರಪುರಕ್ಕೆ ನಡೆದು ಹೋಗುವ ವಾರಕರಿ. ಅಜ್ಜಿಯ ಕುಸ್ವಾರದಲ್ಲಿ, ಅಂದರೆ ಕ್ರಿಸ್‌ಮಸ್ ತಿಂಡಿಗಳಲ್ಲಿ, ಮೊಟ್ಟೆ ಇಲ್ಲದ್ದನ್ನು ಅವರಿಗೆಂದೇ ಬೇರೆ ತಟ್ಟೆಯಲ್ಲಿ ಇಡುತ್ತಿದ್ದರು.

ಕುಮಟಾದಿಂದ ಹೆದ್ದಾರಿ. ಮಿರ್ಜಾನದ ಹತ್ತಿರ ಅಘನಾಶಿನಿ ದಾಟಿದೆವು. ನೀರಿನ ಅಂಚಿನ ಗಜನಿ ಗದ್ದೆಗಳಲ್ಲಿ ಬೆಳ್ಳಕ್ಕಿಗಳು. ಉಪ್ಪುನೀರಿಗೂ ಬಗ್ಗದ ಕಗ್ಗ ಭತ್ತ ಬೆಳೆಯುವ ನೆಲ ಇದು.

ಅಂಕೋಲಾಕ್ಕಿಂತ ಮೊದಲು ಶಿರೂರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿಯಿತು. ರಸ್ತೆ ಬದಿ ಚಹಾದಂಗಡಿ ಇಟ್ಟುಕೊಂಡಿದ್ದ ಮನೆಯವರು ಮಣ್ಣಿನಡಿ ಹೋದರು, ಅಲ್ಲಿ ಗಾಡಿ ನಿಲ್ಲಿಸಿದ್ದ ಡ್ರೈವರುಗಳೂ ಹೋದರು. ಕೇರಳದ ಒಬ್ಬ ಡ್ರೈವರಿನ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳ ಮೇಲೆ ಮನೆಯವರು ಕಾದರು. ಬಸ್ಸಿನಲ್ಲಿ ಮಾತು ತಾನಾಗಿ ನಿಂತಿತು. ಎಲ್ಲರೂ ಬಲಗಡೆ ಗುಡ್ಡ ನೋಡಿದರು, ಆಮೇಲೆ ಎಡಗಡೆ ನದಿ. ನಾನು ಜಪಸರ ತೆಗೆದು ಆ ಒರಟು ಮಣಿಯನ್ನು ಹಿಡಿದುಕೊಂಡೆ. ಅಜ್ಜನೂ ಇಂಥ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಿ ಚಹಾ ಕುಡಿದವರೇ.

ಕಾರವಾರದಲ್ಲಿ ಮೊದಲು ಟಾಗೋರ್ ಕಡಲತೀರಕ್ಕೆ ಹೋದೆ. ನನಗೆ ಎಂಟು ವರ್ಷವಿದ್ದಾಗ ಅಜ್ಜ ಇಲ್ಲಿ ಕರೆತಂದು, ದಕ್ಷಿಣದ ಕಡೆ ಕೈ ತೋರಿಸಿ, ಅತ್ತ ಅಂಜುದೀವ್ ಇದೆ, ಅದರ ಮೇಲೆ ಪೋರ್ಚುಗೀಸರ ಕಾಲದ ಇಗರ್ಜಿ ಇದೆ, ಹಿಂದೆ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದರು ಎಂದಿದ್ದರು. ಈಗ ಆ ಕಡೆ ನೌಕಾನೆಲೆ, ಜನರಿಗೆ ಪ್ರವೇಶವಿಲ್ಲ. ಹತ್ತು ನಿಮಿಷ ನಿಂತು ಕೋಡಿಬಾಗಕ್ಕೆ ಆಟೋ ಹಿಡಿದೆ.

ಮಾಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಕಾಳಿ ನದಿ, ಆಚೆ ಸದಾಶಿವಗಡದ ಗುಡ್ಡ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದುಬಿತ್ತು, ಈಗ ಹೊಸದರ ಮೇಲೇ ಎಲ್ಲ ವಾಹನ. "ನಿನ್ನ ಅಜ್ಜ, ನಾನು ಇದ್ದಾಗ ಆ ಹಳೇದೂ ಇರಲಿಲ್ಲ. ಗಾಡಿ ಇಲ್ಲಿಗೆ ಮುಗೀತು. ಆಚೆ ಹೋಗುವವರು ನೀರಿನ ಮೇಲೇ ಹೋಗ್ಬೇಕು" ಅಂದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೈ ಬಿಡಲಿಲ್ಲ.

ಮೆಮೋದ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಅಕ್ಷರ ದೊಡ್ಡ ಮಾಡಿ ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಅವರ ಸೊಸೆ ಕೋಕಂ ಪಾನಕ ತಂದಿಟ್ಟಳು. ಆಮೇಲೆ ಕೇಳಿದರು, "ಇದು ಇಟ್ಟುಕೊಂಡಿದ್ದನಾ ಅವನು?"

"ಬೈಬಲ್ಲಿನಲ್ಲಿ ಇತ್ತು ಮಾಮ. ಅವತ್ತು ಯಾರಿಗೆ ಕಾದಿದ್ದು ಅಂತ ಅಜ್ಜ ಹೇಳಲೇ ಇಲ್ಲ."

"ನಂಗೆ ತಂಗಿ. ನಂಗೇ ಕಾದಿದ್ದು."

ಮಾಮ ಕೆಲಸಕ್ಕೆ ಸೇರಿ ಆಗ ಐದು ತಿಂಗಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ದೇವಿಮನೆಯಲ್ಲಿ ಕಾಣಿಕೆ ಹಾಕಲು ಇಳಿದವರು ಕೈ ತೊಳೆಯಲು ಹಣದ ಚೀಲ ಕಲ್ಲಿನ ಮೇಲೆ ಇಟ್ಟಿದ್ದಾರೆ. ಕುಂಕುಮ ತೆಗೆದುಕೊಂಡು ಹತ್ತಿ ರೈಟ್ ಹೇಳಿದ್ದಾರೆ. ನಾಲ್ಕು ತಿರುವು ಇಳಿದ ಮೇಲೆ ಯಾರೋ ಚಿಲ್ಲರೆ ಕೇಳಿದಾಗ ಹೆಗಲು ಮುಟ್ಟಿ ನೋಡಿಕೊಂಡರೆ ಚೀಲ ಇಲ್ಲ. ಟಿಕೆಟ್ ಕಟ್ಟು, ಅವತ್ತಿನ ಕಲೆಕ್ಷನ್ ಎಲ್ಲ ಅದರಲ್ಲೇ. ಘಟ್ಟದಲ್ಲಿ ಗಾಡಿ ತಿರುಗಿಸಲು ಆಗುವುದಿಲ್ಲ. ಅಜ್ಜ ಗಾಡಿ ಬದಿಗೆ ಹಾಕಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, "ಓಡು. ನಾ ಇಲ್ಲೇ ಇರ್ತೆ" ಅಂದರಂತೆ.

"ಏರು ದಾರಿ. ಕಾಲಲ್ಲಿ ಚಪ್ಪಲಿ ಇಲ್ಲ, ಎಲ್ಲೋ ಬಿದ್ದೋಯ್ತು. ಹೋಗಿ ನೋಡ್ತೆ, ಒಂದು ಮುದುಕಿ ಸೌದೆ ಹೊರೆ ಇಳಿಸಿಕೊಂಡು ಚೀಲದ ಪಕ್ಕ ಕೂತಿದೆ. ಯಾರಾದ್ರೂ ಬರ್ತಾರೆ ಅಂತ ಕೂತೆ ಅಂತು. ಒಂದು ಪೈಸೆ ಮುಟ್ಟಲಿಲ್ಲ. ನಾ ಕಾಲಿಗೆ ಬಿದ್ದೆ."

ಮಾಮ ತಿರುಗಿ ಬರುವಷ್ಟರಲ್ಲಿ 25 ನಿಮಿಷ ಆಗಿತ್ತು. ಕುಮಟಾದಲ್ಲಿ ಕೆಲವರಿಗೆ ಮುಂದಿನ ಬಸ್ ತಪ್ಪಿತು, ದೂರು ಹೋಯಿತು. ಚೀಲದ ವಿಷಯ ಬರೆದರೆ ಮಾಮನ ಕೆಲಸ ಉಳಿಯುವುದು ಕಷ್ಟವಿತ್ತು. ಅಜ್ಜ ವಿವರಣೆಯಲ್ಲಿ ಬರೆದದ್ದು ಎರಡೇ ಮಾತು: ಗಾಡಿ ನಿಲ್ಲಿಸಿದ್ದು ನಾನು. ಜವಾಬ್ದಾರಿ ನನ್ನದು.

"ಸುಳ್ಳು ಬರೀಲಿಲ್ಲ ನೋಡು ಅವ. ಬೇರೆ ಏನೂ ಬರೀಲಿಲ್ಲ, ಅಷ್ಟೇ" ಅಂದರು ಮಾಮ. "ನಾ ಹೇಳ್ತೆ ಅಂದೆ. ನಿಂಗೆ ಸಣ್ಣ ಮಗು ಇದೆ, ಸುಮ್ನಿರು ಅಂದ. ನಿನ್ನ ಅಜ್ಜಿ ಹತ್ರನೂ ಹೇಳಬೇಡ ಅಂದ. ಪ್ರತಿ ವರ್ಷ ಬಂದು ಅವಳ ಕೈಯಡುಗೆ ಉಂಡೆ, ಹೇಳಲಿಲ್ಲ. ಈಗ ಅವಳೂ ಇಲ್ಲ."

ನಾನು ಚೀಲದಿಂದ ಜಪಸರ ತೆಗೆದು ಅವರ ಅಂಗೈಗೆ ಹಾಕಿದೆ. ಕಣ್ಣು ಮಂಜಾಗಿದ್ದರೂ ಬೆರಳಲ್ಲೇ ಹುಡುಕಿ ಆ ಮಣಿ ಹಿಡಿದರು. ಅದರ ಕಥೆಯನ್ನೂ ಹೇಳಿದರು. ಮರುವರ್ಷದ ಮಳೆಗಾಲ. ಸ್ಟೇರಿಂಗಿನ ಮೇಲ್ಗಡೆ ನೇತು ಹಾಕಿದ್ದ ಜಪಸರದ ದಾರ ಒಂದು ತಿರುವಿನಲ್ಲಿ ಕಡಿಯಿತು. ಮಣಿ ಬಸ್ಸು ತುಂಬ ಉರುಳಿದವು. ಕಾರವಾರ ಮುಟ್ಟುವವರೆಗೆ ಪ್ಯಾಸೆಂಜರುಗಳು ಸೀಟಿನಡಿ ಬಗ್ಗಿ ಬಗ್ಗಿ ಆರಿಸಿ ಕೊಟ್ಟರು. ಎಣಿಸಿದರೆ 58. ಒಂದು ಸಿಗಲೇ ಇಲ್ಲ. ಮಾಮ ತಮ್ಮ ಕೊರಳ ಮಾಲೆಯಿಂದ ಒಂದು ಮಣಿ ಬಿಚ್ಚಿ ಕೊಟ್ಟರು.

"ನಿನ್ನ ಮಾಲೆಗೆ ಕಮ್ಮಿ ಆಗ್ತದಲ್ಲ ಅಂದ. 108ರಲ್ಲಿ ಒಂದು ಹೋದ್ರೆ ನಮ್ಮ ವಿಠ್ಠಲ ಎಣಿಸೂದಿಲ್ಲ, ನೀ ಹಾಕ್ಕೋ ಅಂದೆ. ಪಾದ್ರಿ ಹತ್ರ ತಗೊಂಡ್ಹೋಗಿ ಮಂತ್ರಿಸಿಕೊಂಡು ಬಂದ."

ಅಜ್ಜ ಆ ಮಣಿಯ ಹತ್ತಿರ ನಿಲ್ಲುತ್ತಿದ್ದರು, ಇನ್ನೂ ಮನೆ ಮುಟ್ಟದವರಿಗೆ ಎಂದು ಹೇಳುತ್ತಿದ್ದರು ಎಂದು ನಾನು ಹೇಳಿದೆ. ಮಾಮನಿಗೆ ಅದು ಗೊತ್ತಿರಲಿಲ್ಲ. ಜಪಸರ ಅಂಗೈಯಲ್ಲಿ ಮುಚ್ಚಿಕೊಂಡು ನದಿ ಕಡೆ ನೋಡುತ್ತಾ ಕೂತರು. ನಾನೂ ಕೂತೆ. ನೀರು ಇಳಿಯುತ್ತಿತ್ತು. ಬಲೆ ಹಾಕುವ ಒಂದು ದೋಣಿ ಸೇತುವೆಯ ಕೆಳಗಿಂದ ಸಮುದ್ರದ ಕಡೆ ಹೋಯಿತು.

ಸಂಜೆಯ ಹುಬ್ಬಳ್ಳಿ ಬಸ್ಸಿಗೆ ಬಿಡಲು ಮಾಮ ಬಂದೇ ಬರುತ್ತೇನೆಂದು ಹಠ ಹಿಡಿದರು. ಸೊಸೆ ಬೇಡ ಅಂದರೂ ಕೇಳಲಿಲ್ಲ. ಮಗ ಆಟೋದಲ್ಲಿ ಕರೆತಂದ. ಬಸ್ ಸ್ಟ್ಯಾಂಡಿನಲ್ಲಿ ನಾನು ಹತ್ತುವ ಮುಂಚೆ ಬಗ್ಗಿ, "ಬೆಸಾಂವ್ ಕೊಡಿ ಮಾಮ" ಎಂದೆ. ಆ ಮಾತು ನಮ್ಮ ಮನೆಯಲ್ಲಿ ಎಷ್ಟೋ ಸಲ ಕೇಳಿದವರು ಅವರು. ತಲೆಯ ಮೇಲೆ ಕೈಯಿಟ್ಟು 'ದೇವ್ ಬರೆಂ ಕರುಂ' ಅಂದರು.

ನಾನು ಕಿಟಕಿ ಪಕ್ಕ ಕೂತೆ. ಮಾಮ ಕೆಳಗೆ, ಬಾಗಿಲ ಹತ್ತಿರ, ಒಂದು ಕೈಯಲ್ಲಿ ಕೋಲು ಹಿಡಿದು ನಿಂತರು. ಬಸ್ಸಿನೊಳಗೆ ಒಮ್ಮೆ ಬಗ್ಗಿ ನೋಡಿದರು. ಸ್ಟ್ಯಾಂಡಿನ ಗೇಟಿನ ಕಡೆ ನೋಡಿದರು. ಯಾರೂ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಹೊಡೆದರು.

"ರೈಟ್, ರೈಟ್."

ಡ್ರೈವರ್ ಕನ್ನಡಿಯಲ್ಲಿ ನೋಡಿ ಗಾಡಿ ಎತ್ತಿದ.